ಆರಡಿ ಎರಡಿಂಚಿನವನ ಬೆಂಚು

"ಇನ್ನೂ ಸ್ವಲ್ಪ ಒಳಗೆ ಹೋಗು. ಬಲಗಡೆಯ ಕಾಲು ಕಾಣ್ತಾ?"

"ಕಾಣ್ತು," ಎಂದಳು ಮಾರ್ನಾ ಸ್ಕೋಗೆನ್. ಶೆರಿಫ್ ಕಚೇರಿಯ ಈ ತನಿಖಾಧಿಕಾರಿಗೆ ಐವತ್ತೆರಡು ವಯಸ್ಸು. ಸತ್ತವನೊಬ್ಬನ ಬೆಂಚಿನ ಅಡಿಯಲ್ಲಿ ಟಾರ್ಚು ಹಿಡಿದು ಅಂಗಾತ ಮಲಗಿದ್ದಳು. ಬೆನ್ನಿಗೆ ಸಿಮೆಂಟು ನೆಲ ತಣ್ಣಗೆ ಕೊರೆಯುತ್ತಿತ್ತು.

"ಅದರ ನೆತ್ತಿ ಮೇಲೆ ನಾಲ್ಕು ಬೋಲ್ಟು. ಎಣಿಸು."

"ನಾಲ್ಕು. ಒಂದೊಂದೂ ನನ್ನ ಹೆಬ್ಬೆರಳಿನಷ್ಟು ದಪ್ಪ ಇದೆ, ಡ್ವೇನ್. ಇದರ ಮೇಲೆ ಕುದುರೆ ನಿಲ್ಲಿಸ್ತಿದ್ರಾ?"

"ಕುದುರೆ ನಿಂತ್ರೂ ಅಲ್ಲಾಡಬಾರ್ದು ಅಂತಾನೇ ಮಾಡಿದ್ದು," ಮೇಲಿನಿಂದ ಡ್ವೇನ್ ಕಿಟಲ್ಸನ್ ನಕ್ಕ.

ಮೂರು ದಿನದ ಹಿಂದೆ, ಮಂಗಳವಾರ ಬೆಳಿಗ್ಗೆ, ಊರಾಚೆಯ ಗುರಿಮೈದಾನದಲ್ಲಿ ಬಂದೂಕು ಸಿಡಿದು ಎಲ್ವಿನ್ ಟ್ರಾಸ್ಕ್ ಸತ್ತಿದ್ದ. ತೋಟಾಗಳನ್ನು ಆತ ಇದೇ ಬೆಂಚಿನ ಮೇಲೆ ತಾನೇ ತುಂಬಿಕೊಂಡಿದ್ದ ಎಂದು ಕಾಟನ್ ಫೋರ್ಕ್ ಊರಿಗೆ ಊರೇ ನಂಬಿತ್ತು.

ಡಬ್ಬಿಯಲ್ಲಿ ಉಳಿದಿದ್ದ ತೋಟಾಗಳನ್ನು ಪ್ರಯೋಗಾಲಯದವರು ಬಿಚ್ಚಿ ನೋಡಿದ್ದರು. ರೈಫಲ್ಲಿಗೆ ಬೇಕಾದದ್ದು ನಿಧಾನವಾಗಿ ಉರಿಯುವ ಮದ್ದು. ಒಳಗಿದ್ದದ್ದು ಸರಕ್ಕನೆ ಹೊತ್ತಿಕೊಳ್ಳುವ ಪಿಸ್ತೂಲಿನ ಮದ್ದು. ವಯಸ್ಸಾಯಿತು, ಡಬ್ಬ ಅದಲುಬದಲಾಯಿತು ಎಂದು ಶೆರಿಫ್ ಸಾಹೇಬರು ಕಡತ ಮುಚ್ಚಲು ಪೆನ್ನು ತೆಗೆದಿದ್ದರು. ಮಾರ್ನಾ ಇನ್ನೊಂದು ದಿನದ ಸಮಯ ಕೇಳಿಕೊಂಡಿದ್ದಳು.

ಅವಳು ಕೇಳಿಕೊಂಡದ್ದಕ್ಕೆ ಕಾರಣ ಈ ಬೆಂಚು. ಮಂಗಳವಾರ ಸಂಜೆ ಬಾಗಿಲಲ್ಲಿ ನಿಂತು ಒಂದು ಸಲ ನೋಡಿದ್ದಳಷ್ಟೇ. ಅವಳ ಅಪ್ಪ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದವನು. ಅವನ ಸುತ್ತಿಗೆಗಳು ಗೋಡೆಯ ಮೇಲೆ ಹೇಗೆ ತೂಗುತ್ತಿದ್ದವೆಂದು ನೋಡಿಯೇ ಅವಳು ಅಪ್ಪನ ಅಂದಿನ ಮನಸ್ಸನ್ನು ತಿಳಿಯುತ್ತಿದ್ದಳು. ಇಷ್ಟು ಅಚ್ಚುಕಟ್ಟಾದ ಬೆಂಚು ಇಟ್ಟುಕೊಂಡವನು ಡಬ್ಬ ಅದಲುಬದಲು ಮಾಡುವುದುಂಟೇ ಎಂಬ ಪ್ರಶ್ನೆ ಅವಳ ತಲೆಯಿಂದ ಹೋಗಿರಲಿಲ್ಲ. ಅದಕ್ಕೇ ಬೆಂಚು ಕಟ್ಟಿದ ಬಡಗಿಯನ್ನೇ ಕರೆಸಿದ್ದಳು.

ಕಿಟಲ್ಸನ್ ಅರವತ್ತರ ಗಟ್ಟಿ ಆಸಾಮಿ. ಸುತ್ತಮುತ್ತಲ ಹಳ್ಳಿಗಳ ಅರ್ಧ ಬಾಗಿಲು ಕಿಟಕಿ ಅವನ ಕೈಯಲ್ಲೇ ಆದವು. ಎಲ್ವಿನ್‌ಗೆ ಬೇಟೆಯ ಗೆಳೆಯ. ಮಂಗಳವಾರ ಪಕ್ಕದ ಮೇಜಿನಲ್ಲಿ ಗುರಿ ನೋಡುತ್ತಿದ್ದವನು, ಸದ್ದು ಕೇಳಿ ಮೊದಲು ಓಡಿಬಂದವನು ಕೂಡ ಅವನೇ.

"ಈಗ ಹೊರಗೆ ಬಾ," ಎಂದ. "ಎದ್ದು ನಿಲ್ಲು. ಬೆಂಚಿನ ಮುಂದೆ. ಪ್ರೆಸ್ಸಿನ ಹಿಡಿ ಹಿಡ್ಕೋ."

ಮಾರ್ನಾ ಎದ್ದು ಪ್ಯಾಂಟಿನ ಧೂಳು ಕೊಡವಿ ನಿಂತಳು. ಬೆಂಚು ಅವಳ ಪಕ್ಕೆಲುಬಿಗೆ ಬಂತು. ಬೆಂಚಿನ ಬಲಭಾಗದಲ್ಲಿ, ತೋಟಾಗೆ ಗುಂಡು ಒತ್ತಿ ಕೂರಿಸುವ ಕಬ್ಬಿಣದ ಪ್ರೆಸ್ಸು ಬಾತುಕೋಳಿಯಂತೆ ಕತ್ತು ಚಾಚಿ ಕೂತಿತ್ತು. ಹಿಡಿ ಒತ್ತಿದಳು. ಬೆಂಚು ಕಮಕ್ ಕಿಮಕ್ ಅನ್ನಲಿಲ್ಲ. ಮೇಲಿದ್ದ, ಮದ್ದು ತೂಗುವ ಪುಟ್ಟ ತಕ್ಕಡಿಯ ಮುಳ್ಳು ಕೂಡ ಮಿಸುಕಲಿಲ್ಲ.

"ನೋಡಿದ್ಯಾ?" ಕಿಟಲ್ಸನ್‌ನ ಕಣ್ಣು ಹೊಳೆಯಿತು. "ಎಲ್ಲರೂ ಪ್ರೆಸ್ಸನ್ನ ಹಲಗೆ ಮಧ್ಯದಲ್ಲಿ ಕೂರಿಸ್ತಾರೆ. ಹಿಡಿ ಎಳೆದಾಗೆಲ್ಲ ಹಲಗೆ ಬಾಗುತ್ತೆ, ತಕ್ಕಡಿ ಕುಣಿಯುತ್ತೆ. ನಾನು ಕಾಲಿನ ನೆತ್ತಿ ಮೇಲೇ ಕೂರಿಸ್ದೆ. ಒತ್ತಿದ್ದು ನೇರ ನೆಲಕ್ಕೆ. ಹಿಂದಿನ ಅಂಚು ಗೋಡೆಯ ಮರಕ್ಕೆ ಬೋಲ್ಟು. ಸಾಲದು ಅಂತ ಕೆಳಗೆ ಆ ತೊಟ್ಟಿ, ಅದರಲ್ಲಿ ಮರಳಿನ ಮೂರು ಮೂಟೆ."

"ಇಷ್ಟು ಎತ್ತರ ಯಾಕೆ?"

"ಅವನಿಗೆ ಅಳತೆ ತಗೊಂಡು ಮಾಡಿದ್ದು. ದರ್ಜಿ ಕೋಟಿಗೆ ಅಳೆದ ಹಾಗೆ ಅಳೆದೆ. ಆರಡಿ ಎರಡಿಂಚು ಆಸಾಮಿ. ಮೊಣಕೈ ಮಡಿಸಿ ನಿಂತ್ರೆ ಬೆಂಚು ಅದರ ಕೆಳಗೆ ಎರಡು ಬೆರಳು ಇರಬೇಕು. ಅದಕ್ಕಿಂತ ತಗ್ಗಿದ್ರೆ ಬೆನ್ನು ಬಾಗಿಸ್ಬೇಕು. ಎಲ್ವಿನ್‌ಗೆ ಬಾಗೋಕೆ ಆಗ್ತಿರ್ಲಿಲ್ಲ."

"ಬೆನ್ನುಮೂಳೆ?"

"ಎರಡು ಉಕ್ಕಿನ ಸರಳು ಹಾಕಿದ್ರು. ರೈಲ್ವೆ ವರ್ಕ್‌ಶಾಪಿನಲ್ಲಿದ್ದಾಗ ಬಿದ್ದಿದ್ದ. ಬೂಟಿನ ದಾರ ಕಟ್ಟೋಕೂ ಓಪಲ್ ಬರಬೇಕಿತ್ತು ಪಾಪ."

ಓಪಲ್ ಎಲ್ವಿನ್‌ನ ಹೆಂಡತಿ. ಅಂಗಳದ ಆಚೆಯ ಮನೆಯಲ್ಲಿದ್ದಳು. ಅಡುಗೆಮನೆಯ ಕಿಟಕಿಯಲ್ಲಿ ಆಗಾಗ ಅವಳ ಬಿಳಿಕೂದಲು ಕಾಣಿಸಿ ಮರೆಯಾಗುತ್ತಿತ್ತು.

ಮಾರ್ನಾ ಬೆಂಚಿನ ಮುಂದಿನ ಅಂಚಿನ ಮೇಲೆ ಅಂಗೈ ಸವರಿದಳು. ಮಣಿಕಟ್ಟಿಗೆ ಒತ್ತದಂತೆ ದುಂಡಗೆ ಮಾಡಿದ್ದರು. ಅಂಚಿಗೊಂದು ಸಣ್ಣ ಕಟ್ಟೆ, ಹಿತ್ತಾಳೆಯ ಖಾಲಿ ತೋಟಾ ಉರುಳಿ ಬೀಳದ ಹಾಗೆ. ಮೇಲ್ಮೈಗೆ ಹಾಲಿನಂಥ ಬಿಳಿ ಬಣ್ಣ.

"ಬಿಳಿ ಯಾಕೆ ಅಂತ ನಾನು ಹೇಳ್ಲಾ?" ಅಂದಳು. "ಮದ್ದು ಕಪ್ಪು. ಒಂದು ಕಾಳು ಚೆಲ್ಲಿದ್ರೂ ಕಾಣ್ಬೇಕು."

"ಹುಷಾರಿದೀಯ. ದೀಪ ಎಡಗಡೆಗಿದೆ, ಅದು ಯಾಕೆ ಹೇಳು?"

ಅವಳು ಬಲಗೈ ಮುಂದೆ ಚಾಚಿದಳು. ನೆರಳು ಅವಳ ಬಲಕ್ಕೇ ಬಿತ್ತು. "ಕೈ ನೆರಳು ಕೆಲಸದ ಮೇಲೆ ಬೀಳಬಾರ್ದು. ತೋಟಾದ ಬಾಯೊಳಗೆ ಮದ್ದು ಎಷ್ಟಿದೆ ಅಂತ ಬಗ್ಗದೇ ಕಾಣ್ಬೇಕು."

"ಎರಡು ವಾರ ಬರೀ ರಟ್ಟಿನ ಪೆಟ್ಟಿಗೆ ಜೋಡಿಸಿ ನೋಡಿದ್ವಿ ಕಣಮ್ಮ," ಕಿಟಲ್ಸನ್ ಟೋಪಿ ಹಿಂದಕ್ಕೆ ತಳ್ಳಿದ. "ಅವನು ರಟ್ಟಿನ ಮುಂದೆ ನಿಂತು ಸುಮ್ನೆ ಗಾಳಿಯಲ್ಲಿ ತೋಟಾ ತುಂಬೋನು. ನಾನು ಸೀಮೆಸುಣ್ಣದಲ್ಲಿ ಗುರುತು ಹಾಕೋನು. ಓಪಲ್ ಬಾಗಿಲಲ್ಲಿ ನಿಂತು, 'ಇಬ್ಬರು ಮುದುಕರು ಗೊಂಬೆಮನೆ ಆಟ ಆಡ್ತಿದಾರೆ' ಅಂತ ನಗೋಳು."

ಮಾರ್ನಾಗೂ ನಗು ಬಂತು. ತನಗೆ ಇಷ್ಟೊಂದು ಖುಷಿಯಾಗುತ್ತಿರುವುದು ಸರಿಯಲ್ಲವೇನೋ ಅನ್ನಿಸಿತು. ಸಾವಿನ ಮನೆಯಲ್ಲಿ ನಿಂತು ಅವಳಿಗೆ ಬೆಂಚಿನ ಒಂದೊಂದು ಗೆರೆಯನ್ನೂ ಕೇಳಿ ತಿಳಿಯಬೇಕೆನ್ನಿಸುತ್ತಿತ್ತು.

"ಈ ಗುಂಡನೆಯ ತಗ್ಗು?"

ಬಿಳಿ ಹಲಗೆಯಲ್ಲಿ ಎಡಕ್ಕೆ, ಕೈಗೆ ಎಟುಕುವಲ್ಲಿ, ಬೆರಳಗಲ ಆಳದ ಒಂದು ವೃತ್ತ ಕೊರೆದಿತ್ತು.

"ಮದ್ದಿನ ಡಬ್ಬಕ್ಕೆ. ಒಂದೇ ಡಬ್ಬ. ಅದು ಎಲ್ವಿನ್‌ನ ಹಟ. ಬೆಂಚಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದು. ಮಿಕ್ಕಿದ್ದೆಲ್ಲ ಅಗೋ ಆ ಕಪಾಟಿನಲ್ಲಿ." ಎದುರು ಗೋಡೆಯಲ್ಲಿ ಭುಜದೆತ್ತರಕ್ಕೆ ತೂಗುತ್ತಿದ್ದ ಮರದ ಕಪಾಟು ತೋರಿಸಿದ. "ಆರು ಹೆಜ್ಜೆ ದೂರ. ಹತ್ರ ಇಟ್ರೆ ಸೋಮಾರಿತನಕ್ಕೆ ಎರಡನೇದು ತೆಗೀತೀನಿ ಅಂತ ಅವನೇ ದೂರ ಇಡಿಸ್ದ. ಬೀಗದ ಕೈ ಅವನ ಬೆಲ್ಟಿನಲ್ಲೇ ಇರ್ತಿತ್ತು."

ಆ ಬೀಗದ ಕೈ ಈಗ ಮಾರ್ನಾಳ ಜೇಬಿನಲ್ಲಿತ್ತು. ಕಪಾಟು ತೆಗೆದಳು. ಪಿಸ್ತೂಲಿನ ಮದ್ದಿನ ಡಬ್ಬ ಎರಡಿದ್ದವು. ಎರಡರ ಬಾಯಿಯ ಮೊಹರೂ ಒಡೆದಿರಲಿಲ್ಲ.

ಒಡೆಯದ ಡಬ್ಬದಿಂದ ತೋಟಾಗೆ ಮದ್ದು ಬರುವುದು ಹೇಗೆ?

"ಮೂರನೇದು ಎಲ್ಲೋ ಇರಬೇಕು," ಎಂದಳು.

"ತೊಟ್ಟಿ ನೋಡಿದ್ಯಾ?" ಕಿಟಲ್ಸನ್ ಕೇಳಿದ. "ಮೂಟೆಗಳ ಹಿಂದೆ?"

ಅವಳು ಮತ್ತೆ ಮಂಡಿಯೂರಿದಳು. ಎರಡನೆಯ ಮೂಟೆಯನ್ನು ಎಳೆದಳು. ಗೋಡೆಗೊತ್ತಿ ಒಂದು ಪ್ಲಾಸ್ಟಿಕ್ ಡಬ್ಬ ನಿಂತಿತ್ತು. ಕೈಗವಸು ಹಾಕಿಕೊಂಡು ಹೊರಗೆಳೆದಳು. ಪಿಸ್ತೂಲಿನ ಮದ್ದು. ಮೊಹರು ಒಡೆದಿತ್ತು. ಕಾಲುಭಾಗ ಖಾಲಿ.

ಕಿಟಲ್ಸನ್ ಸಿಳ್ಳೆ ಹಾಕಿದ. "ಅಲ್ಲಿಗೆ ಎಲ್ವಿನ್ ಬಗ್ಗಿ ಇಟ್ಟಿರೋಕೆ ಸಾಧ್ಯಾನೇ ಇಲ್ಲ."

"ಇಲ್ಲ," ಮಾರ್ನಾ ಡಬ್ಬವನ್ನು ಕಾಗದದ ಚೀಲಕ್ಕೆ ಇಳಿಸಿದಳು. ಮನಸ್ಸು ಚುರುಕಾಗಿ ಓಡುತ್ತಿತ್ತು. "ಇಟ್ಟವರಿಗೆ ಅವನ ಬೆನ್ನಿನ ವಿಷಯ ಗೊತ್ತಿತ್ತು. ಅವನ ಕಣ್ಣಿಗೆ ಬೀಳಬಾರ್ದು, ತಮ್ಮ ಕೈಗೆ ಸಿಗ್ಬೇಕು. ಅಂಥ ಜಾಗ ಈ ಕೋಣೇಲಿ ಇದೊಂದೇ."

"ಇನ್ನೊಂದು ಹೇಳ್ಲಾ? ಹೇಳೋಕೆ ಮನಸ್ಸಿಲ್ಲ."

"ಹೇಳಿ, ಡ್ವೇನ್."

ಅವನು ಬೂಟಿನ ತುದಿಯಿಂದ ಬೆಂಚಿನ ಮುಂದಿದ್ದ ರಬ್ಬರು ಹಾಸನ್ನು ತೋರಿಸಿದ. ದಿನವಿಡೀ ನಿಂತರೂ ಪಾದ ನೋಯದಿರಲೆಂದು ಹಾಕಿದ ದಪ್ಪ ಹಾಸು. ಅದರ ಮೇಲೆ ನಾಲ್ಕು ತಗ್ಗುಗಳಿದ್ದವು. ನಾಲ್ಕು ಮೂಲೆ, ಆಯತಾಕಾರ. ಪ್ರೆಸ್ಸಿನ ನೇರಕ್ಕೇ ಬಿದ್ದಿದ್ದವು.

"ಪೆಟ್ಟಿಗೆ," ಎಂದ ಕಿಟಲ್ಸನ್. "ಯಾರೋ ಪೆಟ್ಟಿಗೆ ಇಟ್ಟು ಅದರ ಮೇಲೆ ನಿಂತು ಕೆಲಸ ಮಾಡಿದಾರೆ. ಒಂದು ಸಲ ಎರಡು ಸಲ ಅಲ್ಲ, ಬಹಳ ಸಲ. ಆರಡಿ ಎರಡಿಂಚಿನವನ ಬೆಂಚು ಕಣಮ್ಮ ಇದು. ಗಿಡ್ಡ ಇರೋರಿಗೆ ಪೆಟ್ಟಿಗೆ ಇಲ್ದೆ ಆಗಲ್ಲ." ಸ್ವಲ್ಪ ತಡೆದು, "ನಾನು ಯಾರ ಹೆಸರೂ ಹೇಳಲ್ಲಪ್ಪ," ಎಂದ.

ಹೇಳುವ ಅಗತ್ಯವೂ ಇರಲಿಲ್ಲ. ಓಪಲ್ ಟ್ರಾಸ್ಕ್ ನೆಟ್ಟಗೆ ನಿಂತರೆ ಐದಡಿ ಆಗುವುದು ಕಷ್ಟವಿತ್ತು.

*

ಕಿಟಲ್ಸನ್‌ನನ್ನು ಹೊರಗೆ ಕಾಯಲು ಹೇಳಿ, ಮಾರ್ನಾ ಓಪಲ್‌ಳನ್ನು ಕರೆತಂದಳು. ಮುದುಕಿ ಗಂಡನ ಉಣ್ಣೆಯ ಅಂಗಿ ತೊಟ್ಟಿದ್ದಳು. ತೋಳು ಮೂರು ಮಡಿಕೆ ಮಡಿಸಿದ್ದರೂ ಬೆರಳು ಮಾತ್ರ ಕಾಣುತ್ತಿತ್ತು. ಒಂದು ಕೈಯಲ್ಲಿ ಕಾಫಿಯ ಲೋಟ, ಇನ್ನೊಂದರಲ್ಲಿ ದಾಲ್ಚಿನ್ನಿ ರೊಟ್ಟಿಯ ತಟ್ಟೆ.

"ತಿನ್ನು," ಎಂದಳು. "ಊರಿನವರೆಲ್ಲ ತಂದು ಸುರೀತಿದಾರೆ. ಸತ್ತವನು ಒಬ್ಬ, ಅಡುಗೆ ಬರ್ತಿರೋದು ನಲವತ್ತು ಜನಕ್ಕೆ."

"ಆಮೇಲೆ ತಿಂತೀನಿ, ಓಪಲ್."

"ಶಾಲೆಗೆ ಹೋಗುವಾಗ್ಲೂ ಹಂಗೇ ಅಂತಿದ್ದೆ. ಬಸ್ಸಿಂದ ಇಳಿಯೋ ಹೊತ್ತಿಗೆ ಹಸಿವು ಅಂತ ಅಳ್ತಿದ್ದೆ." ಓಪಲ್ ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಎರಡು ದಿಂಬಿನ ಮೇಲೆ ಕೂತು ಓಡಿಸುತ್ತಿದ್ದಳು. ಮಾರ್ನಾ ಆ ಬಸ್ಸಿನಲ್ಲೇ ಬೆಳೆದವಳು.

ಮಾರ್ನಾ ತಟ್ಟೆಯನ್ನು ಇಸಿದುಕೊಂಡು ಪಕ್ಕಕ್ಕಿಟ್ಟಳು. "ಒಂದು ಕೆಲಸ ಮಾಡ್ತೀರಾ? ಈ ಬೆಂಚಿನ ಮುಂದೆ ನಿಂತ್ಕೊಳ್ಳಿ."

ಓಪಲ್ ಅವಳ ಮುಖ ನೋಡಿದಳು. ಹಾಸಿನ ಮೇಲಿನ ನಾಲ್ಕು ತಗ್ಗು ನೋಡಿದಳು. ಕಾಫಿ ಲೋಟ ಕೆಳಗಿಟ್ಟಳು. ಬಾಗಿಲ ಹಿಂದೆ ಸೌದೆಯ ರಾಶಿಯ ಮೇಲೆ ಮಗುಚಿದ್ದ, ಸೇಬು ತುಂಬುವ ಮರದ ಪೆಟ್ಟಿಗೆಯನ್ನು ಎಳೆದು ತಂದು, ಕಣ್ಣು ಹಾಯಿಸದೆಯೇ ಆ ನಾಲ್ಕು ತಗ್ಗಿಗೆ ಸರಿಯಾಗಿ ಕೂರಿಸಿ, ಮೇಲೆ ಹತ್ತಿ ನಿಂತಳು.

"ಇದನ್ನೇ ತಾನೇ ನೋಡ್ಬೇಕಿತ್ತು?"

ಕೇಳಬೇಕೆಂದು ಮಾರ್ನಾ ಬರುವಾಗ ಹೊಂದಿಸಿಟ್ಟುಕೊಂಡಿದ್ದ ಪ್ರಶ್ನೆಗಳು ಅರ್ಧಕ್ಕೇ ನಿಂತವು.

"ತೋಟಾ ತುಂಬ್ತಿದ್ದವರು ನೀವು," ಎಂದಳು.

"ಜೂನಿಂದ."

"ಎಲ್ವಿನ್?"

"ಪಕ್ಕದಲ್ಲಿ ನಿಂತು ಬೈತಿದ್ದ." ಓಪಲ್ ಮುಗುಳ್ನಗಲು ಹೋದಳು, ಆಗಲಿಲ್ಲ. "ಅವನ ಕೈ ನಡುಗ್ತಿತ್ತು, ಮಾರ್ನಾ. ಮೊದಮೊದಲು ಚಮಚ ಹಿಡಿದಾಗ. ಆಮೇಲೆ ಅಂಗಿ ಗುಂಡಿ ಹಾಕುವಾಗ. ಒಂದು ದಿನ ಈ ಬಿಳಿ ಹಲಗೆ ಮೇಲೆ ಮದ್ದು ಚೆಲ್ಲಿಬಿಟ್ಟ. ಮೂವತ್ತೈದು ವರ್ಷ ರೈಲು ಎಂಜಿನ್ನಿಗೆ ಕೂದಲೆಳೆ ಅಳತೆ ಕೆತ್ತಿದ ಕೈ ಅದು. ನಿಂತು ನೋಡ್ತಾನೇ ಇದ್ದ. ಡಾಕ್ಟರು ಮೇ ತಿಂಗಳಲ್ಲೇ ಹೇಳಿದ್ರಂತೆ. ನನಗೆ ಹೇಳಿದ್ದು ಅವತ್ತು."

"ಊರಲ್ಲಿ ಯಾರಿಗೂ..."

"ಸಾಯಿಸಿಬಿಡ್ತಿದ್ದ ನನ್ನ. ಮರಳಿನ ಚೀಲದ ಮೇಲೆ ಬಂದೂಕು ಇಟ್ಕೊಂಡ್ರೆ ನಡುಕ ಕಾಣ್ತಿರ್ಲಿಲ್ಲ. ಅಷ್ಟು ಸಾಕು ಅಂತಿದ್ದ." ಅವಳ ಬಲಗೈ ತಾನಾಗಿ ಪ್ರೆಸ್ಸಿನ ಹಿಡಿಯ ಮೇಲೆ ಹೋಗಿ ಕೂತಿತು. "ಬೆಂಚು ಅವನಿಗಂತ ಅಳೆದು ಕಟ್ಟಿ ನಾಲ್ಕು ತಿಂಗಳಾಗಿತ್ತಷ್ಟೇ. ಕಾಲು ಕತ್ತರಿಸಿ ತಗ್ಗಿಸೋಣ ಅಂದೆ. ಬೇಡ ಅಂದ. ಕತ್ತರಿಸಿದ್ರೆ ಡ್ವೇನ್‌ಗೆ ಗೊತ್ತಾಗುತ್ತೆ, ಡ್ವೇನ್‌ಗೆ ಗೊತ್ತಾದ್ರೆ ಊರಿಗೆ ಗೊತ್ತಾಗುತ್ತೆ ಅಂದ. ಅದಕ್ಕೆ ಈ ಪೆಟ್ಟಿಗೆ."

ಮಾರ್ನಾ ಕಾಗದದ ಚೀಲ ಬಿಚ್ಚಿ ಡಬ್ಬ ತೋರಿಸಿದಳು. "ಇದು ನಿಮ್ಮದಾ?"

"ಅಲ್ಲ."

"ತೊಟ್ಟಿಯಲ್ಲಿತ್ತು. ಮೂಟೆಗಳ ಹಿಂದೆ."

"ಇರೋಕಾಗಲ್ಲ. ಸೋಮವಾರ ನಾನು ಆ ತೊಟ್ಟಿ ಗುಡಿಸಿದೀನಿ. ಇಲಿ ಮೂಟೆ ಕಚ್ಚಿ ಮರಳು ಸುರಿದಿತ್ತು. ಮೂರೂ ಮೂಟೆ ಹೊರಗೆ ಎಳೆದು, ಗುಡಿಸಿ, ಹೊಲಿದು ಒಳಗಿಟ್ಟೆ. ಬೇಕಾದ್ರೆ ಹೊಲಿಗೆ ನೋಡು. ಹಸಿರು ದಾರ."

ಮಾರ್ನಾ ನೋಡಿದಳು. ಹಸಿರು ದಾರ ಇತ್ತು.

"ಓಪಲ್, ನಾನು ನೇರವಾಗಿ ಕೇಳ್ಬೇಕಾಗುತ್ತೆ. ಆ ತೋಟಾಗಳನ್ನ ತುಂಬಿದ್ದು ನೀವು. ನೀವೇ ಒಪ್ಪಿಕೊಂಡ್ರಿ. ಅವುಗಳಲ್ಲಿದ್ದದ್ದು ಈ ಮದ್ದು."

"ನನ್ನ ತೋಟಾಗಳಲ್ಲಿ ಅಲ್ಲ."

"ಡಬ್ಬಿ ಮೇಲೆ ನಿಮ್ಮ ಕೈಬರಹ ಇದೆ."

"ಡಬ್ಬಿ ನಂದೇ ಇರಬಹುದು. ಒಳಗಿನ ತೋಟಾದ ತಳ ನೋಡಿದ್ಯಾ? ಕೆಂಪು ಚುಕ್ಕೆ ಇದ್ಯಾ?"

"ಯಾವ ಚುಕ್ಕೆ?"

ಓಪಲ್ ಪೆಟ್ಟಿಗೆಯಿಂದಿಳಿದು ಬೆಂಚಿನ ತುದಿಯ ಗೂಡಿನಿಂದ ಉಗುರು ಬಣ್ಣದ ಪುಟ್ಟ ಸೀಸೆ ತೆಗೆದಳು. ಚೆರ್ರಿ ಹಣ್ಣಿನ ಬಣ್ಣ. "ತಳದ ಮಧ್ಯದಲ್ಲಿ ಕಿಡಿ ಹಾರೋ ಪುಟ್ಟ ಬಟ್ಟಲು ಇರುತ್ತಲ್ಲ, ಅದರ ಸುತ್ತ ಒಂದು ತೊಟ್ಟು ಇಡ್ತೀನಿ. ತೇವ ಒಳಗೆ ಹೋಗಲ್ಲ. ಎಲ್ವಿನ್‌ಗೆ ನಗು. 'ನನ್ನ ತೋಟಾಗಳು ನಾಟಕಕ್ಕೆ ಹೊರಟಿವೆ' ಅಂತಿದ್ದ. ಒಂದನ್ನೂ ಬಿಡಲ್ಲ ನಾನು. ಭಾನುವಾರ ಇಪ್ಪತ್ತು ಮಾಡ್ದೆ. ಇಪ್ಪತ್ತಕ್ಕೂ ಇಟ್ಟಿದೀನಿ."

ಮಾರ್ನಾ ಕಡತ ತೆರೆದಳು. ಪ್ರಯೋಗಾಲಯದ ಫೋಟೊಗಳಲ್ಲಿ ತೋಟಾಗಳ ತಳಗಳು ಸಾಲಾಗಿ ನಿಂತಿದ್ದವು. ಹೊಳೆಯುವ ಹಿತ್ತಾಳೆ, ಮಧ್ಯೆ ಬೆಳ್ಳಿಯ ಬಣ್ಣದ ಬಟ್ಟಲು. ಕೆಂಪು ಎಲ್ಲೂ ಇರಲಿಲ್ಲ. ಭೂತಗನ್ನಡಿ ಹಿಡಿದು ಮತ್ತೊಮ್ಮೆ ನೋಡಿದಳು. ಒರೆಸಿದ ಗುರುತೂ ಇರಲಿಲ್ಲ.

ಯಾರೋ ಓಪಲ್‌ಳ ಡಬ್ಬಿಯಿಂದ ಅವಳ ಇಪ್ಪತ್ತನ್ನು ತೆಗೆದು, ಬೇರೆಲ್ಲೋ ತುಂಬಿದ ಇಪ್ಪತ್ತನ್ನು ಹಾಕಿದ್ದರು.

"ಡಬ್ಬಿ ಎಲ್ಲಿತ್ತು, ಭಾನುವಾರದಿಂದ ಮಂಗಳವಾರದ ತನಕ?"

"ಅಡುಗೆಮನೆಯ ಹಿಂಬಾಗಿಲ ಹತ್ರ. ಬಂದೂಕಿನ ಚೀಲದಲ್ಲಿ." ಓಪಲ್ ಕಡತದ ಕಡೆ ಕತ್ತು ಚಾಚಿದಳು. "ಆ ಬಂದೂಕಿನ ಪಟ ಇದ್ಯಾ ಅದರಲ್ಲಿ? ನನಗೆ ಯಾರೂ ತೋರಿಸ್ಲೇ ಇಲ್ಲ. ಹೆಂಗಸರು ನೋಡಬಾರ್ದು ಅಂದ್ರು ನಿಮ್ಮ ಆಫೀಸಿನ ಹುಡುಗರು."

"ನೋಡೋಕೆ ಚೆನ್ನಾಗಿಲ್ಲ, ಓಪಲ್."

"ಅವನನ್ನೇ ನೋಡಿದೀನಿ. ಇನ್ನು ಕಬ್ಬಿಣ ನೋಡೋಕೆ ಏನು?"

ಮಾರ್ನಾ ಫೋಟೊ ಕೊಟ್ಟಳು. ನಳಿಕೆಯ ಬುಡ ಬಾಳೆಹಣ್ಣಿನ ಸಿಪ್ಪೆಯಂತೆ ಸೀಳಿತ್ತು. ಭುಜಕ್ಕೆ ಒತ್ತುವ ಮರದ ಭಾಗ ಮಾತ್ರ ಮುಕ್ಕಾಗದೆ ಉಳಿದಿತ್ತು. ಅಳತೆಗೆಂದು ಪಕ್ಕದಲ್ಲಿ ಒಂದು ಪಟ್ಟಿ ಇಟ್ಟು ಫೋಟೊ ತೆಗೆದಿದ್ದರು.

ಓಪಲ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಇದು ಎಲ್ವಿನ್ ಬಂದೂಕಲ್ಲ," ಎಂದಳು.

"ಏನಂದ್ರಿ?"

"ಎಲ್ವಿನ್‌ದು ಮಲಗೋ ಕೋಣೆಯ ಬೀರುವಿನಲ್ಲಿದೆ. ಇದು ನಂದು. ಮರದ ಭಾಗ ನೋಡು, ಎಷ್ಟು ಗಿಡ್ಡ ಇದೆ. ನನ್ನ ತೋಳಿಗೆ ಸರಿಯಾಗ್ಲಿ ಅಂತ ಎರಡೂವರೆ ಇಂಚು ಕತ್ತರಿಸಿದ್ದು. ಅವನು ಇದನ್ನ ಹಿಡಿದ್ರೆ ಮಕ್ಕಳ ಆಟದ ಬಂದೂಕು ಹಿಡಿದ ಹಾಗೆ ಕಾಣೋದು."

ಮಾರ್ನಾ ಫೋಟೊ ಇಸಿದುಕೊಂಡಳು. ಪಕ್ಕದ ಅಳತೆಪಟ್ಟಿಯ ಅಂಕಿ ಓದಿದಳು. ಹನ್ನೊಂದು ಇಂಚು ಚಿಲ್ಲರೆ. ಬೆಳಗಿನಿಂದ ಬೆಂಚು, ಕಪಾಟು, ಹಾಸು, ಎಲ್ಲದರ ಅಳತೆ ಹಿಡಿದವಳು ತಾನು. ಮೂರು ದಿನದಿಂದ ಕಡತದಲ್ಲೇ ಇದ್ದ ಈ ಅಂಕಿಯನ್ನು ಓದಿರಲಿಲ್ಲ. ಆರಡಿ ಎರಡಿಂಚಿನ ಗಂಡಸಿನ ಭುಜಕ್ಕೂ ಈ ಮರಕ್ಕೂ ಹೊಂದುವುದೇ ಇಲ್ಲ.

"ಮತ್ತೆ ಅವನ ಕೈಗೆ ಹೇಗೆ ಬಂತು?"

"ನಾಳೆ ಎಲ್ಕ್ ಜಿಂಕೆ ಬೇಟೆ ಶುರು. ಮಂಗಳವಾರ ನಾನು ಹೋಗಿ ಗುರಿ ಸರಿ ಮಾಡ್ಕೊಂಡು ಬರಬೇಕಿತ್ತು. ಒಂಬತ್ತು ಗಂಟೆಗೆ ಮೇಜು ಕೂಡ ಹೇಳಿಟ್ಟಿದ್ದೆ. ಬೆಳಿಗ್ಗೆ ಎದ್ದಾಗ ತಲೆ ಸಿಡೀತಿತ್ತು, ಕಣ್ಣು ಬಿಡೋಕಾಗ್ಲಿಲ್ಲ. 'ನೀನು ಮಲಗು, ನಾನೇ ಸರಿ ಮಾಡ್ಕೊಂಡು ಬರ್ತೀನಿ' ಅಂತ ಚೀಲ ಎತ್ಕೊಂಡು ಹೋದ." ಅಂಗಿಯ ತೋಳಿನ ಮಡಿಕೆಯಲ್ಲಿ ಬೆರಳು ಹುದುಗಿಸಿಕೊಂಡಳು. "ಅವನು ನನ್ನ ಬದಲಿಗೆ ಹೋಗಿದ್ದ, ಮಾರ್ನಾ."



ಮಾರ್ನಾ ಅವಳನ್ನು ತೋಳು ಹಿಡಿದು ಸೇಬಿನ ಪೆಟ್ಟಿಗೆಯ ಮೇಲೆ ಕೂರಿಸಿದಳು. ಎಲ್ವಿನ್‌ನನ್ನು ಯಾರು ಯಾಕೆ ಕೊಂದರು ಎಂದು ಮೂರು ದಿನದಿಂದ ತಿಣುಕಾಡಿದ್ದಳು. ಆ ಮುದುಕನಿಗೆ ಒಬ್ಬ ಶತ್ರುವೂ ಸಿಕ್ಕಿರಲಿಲ್ಲ. ಸಿಗುವುದಾದರೂ ಹೇಗೆ?

"ನೀವು ಮಂಗಳವಾರ ಹೋಗೋದು ಯಾರಿಗೆ ಗೊತ್ತಿತ್ತು?"

"ಎಲ್ವಿನ್‌ಗೆ. ಮೈದಾನದ ಮೇಜು ಕಾದಿಟ್ಟವರಿಗೆ." ಓಪಲ್ ಮೂಗು ಒರೆಸಿಕೊಂಡಳು. "ಡ್ವೇನ್‌ಗೂ ಗೊತ್ತಿತ್ತು. ಪಕ್ಕದ ಮೇಜು ಹೇಳಿದ್ದ. ಹೋಗಿಬರೋಣ ಅಂದಿದ್ದ."

"ಓಪಲ್, ಈ ಮರ ಕತ್ತರಿಸಿ ಗಿಡ್ಡ ಮಾಡಿದ್ದು ಯಾರು?"

"ಇನ್ನಾರು? ಈ ಊರಲ್ಲಿ ಅಷ್ಟು ನಯವಾಗಿ ಮರ ಕತ್ತರಿಸೋ ಕೈ ಒಂದೇ. ಕ್ರಿಸ್‌ಮಸ್ಸಿಗೆ ಡ್ವೇನ್ ಮಾಡಿಕೊಟ್ಟಿದ್ದ."

ಮಾರ್ನಾ ಕಡತದ ಮೊದಲ ಹಾಳೆಗೆ ಹಿಂದಿರುಗಿದಳು. ಮಂಗಳವಾರ ಹತ್ತೂವರೆಗೆ ಬರೆದುಕೊಂಡ ಹೇಳಿಕೆ. *ಸಿಡಿದದ್ದು ಎಲ್ವಿನ್‌ನ ಸ್ವಂತ ಬಂದೂಕು. ನನಗೆ ಚೆನ್ನಾಗಿ ಗೊತ್ತು, ಇಪ್ಪತ್ತು ವರ್ಷದಿಂದ ನೋಡಿದ್ದೇನೆ.* ಕೆಳಗೆ ಒತ್ತಿ ಬರೆದ ಸಹಿ: ಡಿ. ಕಿಟಲ್ಸನ್.

ತನ್ನ ಕೈಯಾರೆ ಕೊಯ್ದು, ಉಜ್ಜಿ, ಎಣ್ಣೆ ಹಾಕಿದ ಮರ. ಪಕ್ಕದ ಮೇಜಿನಿಂದ ಓಡಿಬಂದು ಅದನ್ನೇ ಎತ್ತಿಕೊಂಡವನು ಗುರುತು ಹಿಡಿಯದಿರಲು ಸಾಧ್ಯವೇ? ಗಾಬರಿಯಲ್ಲಿ ತಪ್ಪಿ ಹೇಳಿದನೆಂದು ಒಂದು ಕ್ಷಣ ಅನ್ನಿಸಿತು. ಆದರೆ ಇಂದು ಬೆಳಗಿನಿಂದ ಅವನು ಒಂದೊಂದಾಗಿ ಎತ್ತಿ ಕೊಟ್ಟ ಅಳತೆಗಳೆಲ್ಲ ಒಬ್ಬಳ ಕಡೆಗೇ ಬೆರಳು ತೋರಿಸಿದ್ದವು. ಆ ಬೆರಳಿನ ಜಾಡು ಹಿಡಿದು ತಾನು ಎಷ್ಟು ಖುಷಿಯಿಂದ ನಡೆದಿದ್ದೆ ಎಂದು ನೆನೆದು ಅವಳು ಕಡತವನ್ನು ಪಟ್ಟನೆ ಮುಚ್ಚಿದಳು.

"ನಿಮಗೂ ಅವನಿಗೂ ಏನಾದ್ರೂ ಮನಸ್ತಾಪ?"

"ಡ್ವೇನ್‌ಗಾ? ನನ್ನ ಮೇಲಾ?" ಓಪಲ್ ನಿಜವಾಗಿಯೂ ಬೆರಗಾದಳು. ಆಮೇಲೆ, ಯಾವುದೋ ಬಹಳ ಹಿಂದಿನ ಮಾತು ನೆನಪಿಗೆ ಬಂದವಳಂತೆ, ಅವಳ ಬಾಯಿ ಅರ್ಧ ತೆರೆದು ಹಾಗೇ ಮುಚ್ಚಿಕೊಂಡಿತು.

"ಏನು ಓಪಲ್?"

"ಬಸ್ಸು," ಎಂದಳು ಮೆಲ್ಲಗೆ. "ಅದಾಗಿ ಹತ್ತೊಂಬತ್ತು ವರ್ಷ ಆಯ್ತು. ಅವತ್ತು ಡ್ವೇನ್ ಮಾಡಿದ್ದು ಗೊತ್ತಿದ್ದದ್ದು ನನಗೊಬ್ಬಳಿಗೇ."

ಮಾರ್ನಾ ಬಾಗಿಲ ಕಡೆ ನೋಡಿದಳು. ಅದು ಪೂರ್ತಿ ಮುಚ್ಚಿರಲಿಲ್ಲ. ದನಿ ತಗ್ಗಿಸಿದಳು. "ಅದನ್ನ ಆಮೇಲೆ ಕೇಳ್ತೀನಿ. ಮೊದಲು ಇದು ಹೇಳಿ. ನಿಮ್ಮ ಅಡುಗೆಮನೆ ಬೀಗದ ಕೈ, ಈ ಕೋಣೆಯದು, ನಿಮ್ಮಿಬ್ಬರನ್ನ ಬಿಟ್ಟು ಇನ್ಯಾರ ಹತ್ರ ಇದೆ?"

"ಬೆಂಚು ಕಟ್ಟುವಾಗ ಒಂದು ಜೊತೆ ಕೊಟ್ಟಿದ್ವಿ," ಎಂದಳು ಓಪಲ್. "ವಾಪಸ್ ಕೇಳೋದು ಮರೆತೇ ಹೋಯ್ತು."

ಹೊರಗೆ ಜಲ್ಲಿಕಲ್ಲಿನ ಮೇಲೆ ಬೂಟಿನ ಸದ್ದು ಹೊರಟಿತು. ಕಿಟಲ್ಸನ್ ತನ್ನ ವಾಹನದ ಪಕ್ಕದಿಂದ ಈ ಕಡೆಗೇ ಬರುತ್ತಿದ್ದ. ಅವಸರವೇನೂ ಇರಲಿಲ್ಲ. ಟೋಪಿ ಎಡಗೈಯಲ್ಲಿತ್ತು. ಬಲಗೈ ಕೋಟಿನ ಜೇಬಿನಲ್ಲಿತ್ತು, ಅದನ್ನು ಹೊರಗೆ ತೆಗೆಯದೆಯೇ ಅವನು ಮೊಣಕೈಯಿಂದ ಬಾಗಿಲು ದೂಡಿದ.

"ಓಪಲ್," ಎಂದ, ಮಾರ್ನಾಳ ಕಡೆ ನೋಡದೆ. "ಆ ಬಸ್ಸಿನ ವಿಷಯ ಇವಳಿಗೆ ಹೇಳಿಬಿಟ್ಯಾ?"